ಮುಂದಿನ ಸೀಟು

ಸಿಲಿಂಡರು ಮುಂದೆ ಕೂತಿತು, ಬೀಗತಿಯ ಹಾಗೆ,
ಎದೆಗಡ್ಡ ಬೆಲ್ಟು ಬಿಗಿದುಕೊಂಡು, ನೆಟ್ಟಗೆ.
ಅದನ್ನು ಮಲಗಿಸಬಾರದಂತೆ.
ಇಪ್ಪತ್ತಾರು ವರ್ಷ ನಾನು ಕೂತು ಸವೆಸಿದ ಜಾಗ
ಹಾಗೆ ಅದರ ಪಾಲಾಯಿತು. ನಾನು ಹಿಂದೆ,
ಅರ್ಧ ಮಡಚಿದ ಸೀಟಿನ ಉಳಿದರ್ಧದಲ್ಲಿ,
ಬಿಚ್ಚಿದ ಗ್ರಿಲ್ಲಿನ ಕಾಲು, ಗಾಲಿ, ಜಾಲರಿಗಳ ನಡುವೆ,
ತೊಡೆಯ ಮೇಲೆ ಮುಚ್ಚಳ.
ಮುಚ್ಚಳವಲ್ಲ ಅದು, ಎಮ್ಮೆಕರು.

ನಲವತ್ತು ಡಾಲರಿಗೆ ಸಿಕ್ಕಿದ್ದು.
ಕಾಸಿಗೆ ತಕ್ಕ ಕಜ್ಜಾಯ, ಅಂದಿದ್ದೆ ಬೆಳಿಗ್ಗೆ.
ಅಷ್ಟಕ್ಕೇ ಗಾರ್ನೆಟ್ ಬಾಯಿಗೆ ಬೀಗ ಜಡಿದ.
ನಾನೇನು ಕಡಿಮೆ? ಕೀಲಿಕೈಯನ್ನು
ಸುಪೀರಿಯರ್ ಸರೋವರಕ್ಕೇ ಎಸೆದೆ.

ಮಾರಿದವನ ಹೆಸರು ಕಲೆರ್ವೊ.
ಥಂಡರ್ ಬೇಯ ಆ ಬೀದಿಯಲ್ಲಿ
ಮನೆಗೊಂದು ಫಿನ್ನಿಷ್ ಹೆಸರು, ಮನೆಗೊಂದು ಉಗಿಕೋಣೆ.
ಬಂದರಿನ ಧಾನ್ಯದ ಕಣಜಗಳಲ್ಲಿ ದುಡಿದವನು,
ಒಂದು ಹೆಬ್ಬೆರಳಿಗೆ ಉಗುರಿಲ್ಲ.
ಆರನೇ ಮಹಡಿಯ ಫ್ಲಾಟಿಗೆ ಹೊರಟಿದ್ದಾನೆ;
ಅಲ್ಲಿ ಬಾಲ್ಕನಿಯಲ್ಲಿ ಬೆಂಕಿ ಹಚ್ಚುವಂತಿಲ್ಲ.
ಮಗುವನ್ನು ಹೊಸ ಶಾಲೆಗೆ ಬಿಡಲು ಬಂದವನಂತೆ
ಒಂದೊಂದು ಬರ್ನರಿನ ಸ್ವಭಾವ ಹೇಳಿದ:
"ಬಲಗಡೆಯದು ಅವಸರದ್ದು. ನಡುವಿನೆರಡು ಪಾಪ.
ಎಡತುದಿಯದು ಹಠಮಾರಿ, ಕಿಡಿಗೆ ಬಗ್ಗುವುದಿಲ್ಲ,
ಕಡ್ಡಿಯೇ ಗೀರಬೇಕು.
ಮುಚ್ಚಳ ತೆರೆದಿಟ್ಟು ಗೀರಿ. ನನ್ನ ಹುಬ್ಬು ನೋಡಿ."
ನೋಡಿದೆವು. ಒಂದೇ ಇತ್ತು.
"ಜಿಡ್ಡಿನ ತಟ್ಟೆ ತೊಳೆದಿದ್ದೇನೆ" ಅಂದ.
ಎಡಗೈಯಲ್ಲಿ ಕೈಕುಲುಕಿದ,
ಬಲಗೈ ಕೋಟಿನ ಜೇಬಿನಲ್ಲೇ ಇತ್ತು.

ಡೋರಿಯನ್‌ಗೆ ಎಪ್ಪತ್ತು ಕಿಲೋಮೀಟರು.
ಗ್ಯಾಸು ಸೋರಿದರೆ ಎಂದು ನಾಲ್ಕೂ ಕಿಟಕಿ ಇಳಿಸಿದ್ದಾನೆ.
ಅಕ್ಟೋಬರಿನ ಕೊನೆ, ಸೊನ್ನೆಗಿಂತ ಮೂರು ಕೆಳಗೆ;
ಗಾಳಿ ಹೇಳದೆ ಕೇಳದೆ ಒಂದು ಕಡೆ ಹೊಕ್ಕು
ಇನ್ನೊಂದು ಕಡೆ ನನ್ನ ಕಿವಿ ಕಿತ್ತುಕೊಂಡು ಹೋಗುತ್ತಿದೆ.
ಮೊದಲ ತಿರುವಿನಲ್ಲೇ ಗೊತ್ತಾಯಿತು
ತಟ್ಟೆ ತೊಳೆದಿರಲಿಲ್ಲ:
ಯಾರದೋ ಎಷ್ಟೋ ಭಾನುವಾರಗಳು
ಕರಗಿ, ಕಪ್ಪಾಗಿ, ಮೆಲ್ಲಗೆ
ನನ್ನ ಎಡಗಾಲಿನ ಬೂಟಿಗೆ ಇಳಿದವು.

"ಬೆಲ್ಟು ಸಡಿಲ ಆಗ್ತಿದೆ!" ಕಿರುಚಿದೆ.
"ಏನು?"
"ಬೆಲ್ಟು!"
"ಬೆಟ್ಟವಾ?" ಬಲಕ್ಕೆ ಕತ್ತು ಹೊರಳಿಸಿದ.
ಅಲ್ಲಿ ನಿಜಕ್ಕೂ ಬೆಟ್ಟವಿತ್ತು,
ನೀರಿನ ಮೇಲೆ ಅಂಗಾತ ಬಿದ್ದ ಕಲ್ಲಿನ ದೈತ್ಯ,
ಅವನನ್ನು ಮಲಗಿಸಬಾರದೆಂದು ಯಾರೂ ಹೇಳಿಲ್ಲ.

ಆಗಲೇ ಮುಂದಿನ ಮರದ ಲಾರಿ ಗಕ್ಕನೆ ನಿಂತದ್ದು.
ಬ್ರೇಕು ಕೀಚಿತು. ಗಾರ್ನೆಟನ ಬಲಗೈ
ತನಗೆ ತಾನೇ ಹಾರಿ
ಸಿಲಿಂಡರಿನ ಎದೆಗೆ ಅಡ್ಡ ನಿಂತಿತು.

ಆ ಕೈ ನನಗೆ ಗೊತ್ತು.
ಪ್ರತಿ ಬ್ರೇಕಿಗೂ ನನ್ನ ಪಕ್ಕೆಲುಬಿಗೆ ಬಡಿದ ಕೈ.
ಬೆಲ್ಟು ಇದೆ ಮಾರಾಯ, ತೆಗಿ, ಎಂದು
ಇಪ್ಪತ್ತಾರು ವರ್ಷ ತಳ್ಳಿದ ಕೈ.
ಹಿಂದಿನಿಂದ ನೋಡಿರಲಿಲ್ಲ ಎಂದೂ:
ತೋಳು ಸೆಟೆದು, ಬೆರಳು ಅಗಲಿಸಿ,
ಒಂದು ಲಾರಿಯನ್ನೇ ತಡೆಯುವವನಂತೆ.

ನಗು ಬಂತು. ಮೂಗು ಸೋರುತ್ತಿತ್ತು,
ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.
"ಅದಕ್ಕೇನಾದರೂ ಪೆಟ್ಟಾಯಿತಾ ನೋಡು" ಅಂದೆ.
ಕನ್ನಡಿಯಲ್ಲಿ ನನ್ನನ್ನು ನೋಡಿದ.
ಕಿವಿ ಕೆಂಪಗಾಗಿತ್ತು, ಚಳಿಗೇ ಇರಬೇಕು.
ಕೈ ತೆಗೆಯಲು ತುಸು ಹೊತ್ತು ಹಿಡಿಯಿತು.

ಮನೆ ಮುಟ್ಟಿ ಜೋಡಿಸಿದೆವು, ಟಾರ್ಚಿನ ಬೆಳಕಲ್ಲಿ,
ಕಿಸೆಗಳನ್ನೂ ಕಾರಿನ ಸಂದುಗಳನ್ನೂ ತಡಕಿದೆವು.
ಬರ್ನರು ನಾಲ್ಕು. ನಾಬು ಮೂರು.
ಎಡತುದಿಯಲ್ಲಿ ಬರೀ ಕಬ್ಬಿಣದ ಕಡ್ಡಿ.

"ಫೋನು ಮಾಡಲಾ?" ಕೇಳಿದ.
ಆ ಎಡಗೈ ನೆನಪಾಯಿತು ನನಗೆ, ಆ ಜೇಬೂ.
"ಇಕ್ಕಳ ಎಲ್ಲಿದೆ?" ಅಂದೆ.